ಕವಣೆ ಬೀಸುವ ಕೈ

ಸಂಕ್ರಾಂತಿಯ ಆಸುಪಾಸು ಆಳಂದ, ಅಫಜಲಪುರ, ಜೇವರ್ಗಿಯ ಎರೆಹೊಲಗಳಲ್ಲಿ ಬಿಳಿಜೋಳದ ತೆನೆಗೆ ಹಾಲು ತುಂಬುವ ಹೊತ್ತು. ಗುಬ್ಬಿ, ಗಿಳಿಗಳ ಹಿಂಡು ಇಳಿಯುವುದೂ ಆಗಲೇ. ಅಟ್ಟದ ಮೇಲೆ ಹಕ್ಕಿ ಕಾಯುವವರ ಕೈಯಲ್ಲಿನ ಕವಣೆಯನ್ನು ಎಷ್ಟು ನೋಡಿದರೂ ನನಗೆ ಸಾಕೆನಿಸುವುದಿಲ್ಲ.

ಹೆಣೆದ ಹಗ್ಗ, ನಡುವೆ ಕಲ್ಲು ಕೂರುವಷ್ಟು ಅಗಲದ ಹೆಣಿಗೆ. ಒಂದು ತುದಿಯ ಕುಣಿಕೆ ಬೆರಳಿಗೆ. ಇನ್ನೊಂದು ತುದಿಯನ್ನು ಹೆಬ್ಬೆರಳು, ತೋರುಬೆರಳು ಬರೀ ಒತ್ತಿ ಹಿಡಿದಿರುತ್ತವೆ. ಎಡಗೈ ಉಡಿಯಿಂದ ಕಲ್ಲು ತೆಗೆಯುವಾಗ ಕಣ್ಣು ತೆನೆಯಿಂದ ಕದಲದು. ಹೆಣಿಗೆಯನ್ನು ಬೆರಳುಗಳೇ ಹುಡುಕಿಕೊಳ್ಳುತ್ತವೆ. ತಲೆಯ ಮೇಲೆ ಒಂದೆರಡು ಸುತ್ತು, ರೊಯ್ಯನೆ ಸದ್ದು, ಬೆರಳು ಸಡಿಲ. ಗುಟ್ಟೆಲ್ಲ ಆ ಸಡಿಲಿಕೆಯಲ್ಲಿ. ರೆಪ್ಪೆ ಬಡಿಯುವಷ್ಟು ತಡವಾದರೂ ಕಲ್ಲು ಪಕ್ಕದವರ ಹೊಲಕ್ಕೆ! ತೆನೆಗೂ ತಾಗಬಾರದಲ್ಲ.

ಕೈಯ ಇಂಥದೇ ಚಳಕ ಬೇಡುವ ಒಲಿಂಪಿಕ್ಸ್‌ನ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲಿನಲ್ಲಿ, ಇಳಿಸಿದ ಕೈ ಎತ್ತಿ 4 ಸೆಕೆಂಡಿನಲ್ಲಿ 5 ಗುರಿಗಳಿಗೆ ಹೊಡೆಯುವ ಸುತ್ತೊಂದಿದೆ. 2012ರಲ್ಲಿ ಲಂಡನ್‌ನಲ್ಲಿ ಭಾರತದ ಶೂಟರ್ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಈ ಸ್ಪರ್ಧೆಯಲ್ಲೇ. ಇಂಥ ಶೂಟರ್‌ಗಳೂ ಗುಂಡಿಲ್ಲದ ಪಿಸ್ತೂಲು ಹಿಡಿದು ಅದೇ ಹಿಡಿತ, ಅದೇ ಏರಿಕೆಯನ್ನು ದಿನಗಟ್ಟಲೆ ತಿದ್ದುತ್ತಾರೆ. ಹೊಲದ ಹುಡುಗರು ಬರಿಗವಣೆ ಬೀಸುವುದನ್ನು ಕಂಡಾಗಲೆಲ್ಲ ನನಗದು ನೆನಪಾಗುತ್ತದೆ.

ಹಿಂಡು ಎದ್ದು ಒಂದು ಸುತ್ತು ತಿರುಗುವಷ್ಟರಲ್ಲಿ ಅಟ್ಟದ ಮೇಲಿನ ಕವಣೆಯಲ್ಲಿ ಮುಂದಿನ ಕಲ್ಲು ಕೂತಿರುತ್ತದೆ.