ಕ್ಯಾಮೆರಾಕ್ಕಿಂತ ಮೊದಲು ಆಲ್‌ಡ್ರಾಪ್

ಪಶ್ಚಿಮ ಬೆಂಗಳೂರಿನ ಬಡಾವಣೆಗಳಲ್ಲಿ ಮನೆಯ ಭದ್ರತೆ ಎಂದರೆ ಸಿಸಿಟಿವಿ ಎಂಬ ನಂಬಿಕೆ ಬೇರೂರಿದೆ. ಎಸ್‌.ಪಿ. ರೋಡಿನಲ್ಲಿ ನಾಲ್ಕು ಕ್ಯಾಮೆರಾ, ಒಂದು ಡಿವಿಆರ್ ಕೊಂಡು ಗೋಡೆಗೆ ಬಿಗಿಸಿದರೆ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಕ್ಯಾಮೆರಾದ ಈ ಖ್ಯಾತಿ ಅದರ ಯೋಗ್ಯತೆಯನ್ನು ಮೀರಿದ್ದು. ಕಳ್ಳನನ್ನು ನಿಜವಾಗಿ ತಡೆಯಬೇಕಾದ ಬಾಗಿಲು, ಚೌಕಟ್ಟು, ಚಿಲಕಗಳನ್ನು ಯಾರೂ ತಿರುಗಿ ನೋಡುತ್ತಿಲ್ಲ.

ಹಬ್ಬಕ್ಕೋ ಬೇಸಿಗೆ ರಜೆಗೋ ಊರಿಗೆ ಹೊರಟ ಕುಟುಂಬ ಮುಂಬಾಗಿಲಿನ ಆಲ್‌ಡ್ರಾಪ್ ಎಳೆದು ದಪ್ಪನೆಯ ಬೀಗ ಹಾಕುತ್ತದೆ. ಬೀಗದ ಆಯ್ಕೆಯಲ್ಲಿ ತೋರಿದ ಎಚ್ಚರ ಅದನ್ನು ಹೊತ್ತ ಕೊಂಡಿಯ ವಿಷಯದಲ್ಲಿ ಇರುವುದಿಲ್ಲ. ಎಷ್ಟೋ ಮನೆಗಳಲ್ಲಿ ಕೊಂಡಿ ನಿಂತಿರುವುದು ಮುಕ್ಕಾಲು ಇಂಚಿನ ಸ್ಕ್ರೂಗಳ ಮೇಲೆ. ಸಂದಿಗೆ ಕಬ್ಬಿಣದ ಸಲಾಕೆ ಕೊಟ್ಟು ಮೀಟಿದರೆ ಸ್ಕ್ರೂಗಳು ಮರದಿಂದ ಕಿತ್ತು ಬರುತ್ತವೆ, ಬೀಗ ಮಾತ್ರ ಹಾಕಿದ ಹಾಗೇ ಇರುತ್ತದೆ. 1851ರ ಲಂಡನ್ ಮಹಾಪ್ರದರ್ಶನದ ಕಾಲದಲ್ಲಿ ಬೀಗತಜ್ಞ ಆಲ್ಫ್ರೆಡ್ ಹಾಬ್ಸ್ ಪ್ರಸಿದ್ಧ ಬ್ರಾಮಾ ಬೀಗವನ್ನು ತೆರೆಯಲು ಸುಮಾರು 51 ಗಂಟೆ ತೆಗೆದುಕೊಂಡ. ವಿಜಯನಗರದ ಅಡ್ಡರಸ್ತೆಯ ಕಳ್ಳನಿಗೆ ಅಷ್ಟು ಪುರುಸೊತ್ತೂ ಇಲ್ಲ, ಅಂಥ ಕೌಶಲ ಬೇಕಾಗಿಯೂ ಇಲ್ಲ. ಹೊರಗೆ ತೂಗುವ ಬೀಗದಲ್ಲಿ ಇನ್ನೊಂದು ದೋಷವಿದೆ: ಮನೆಯಲ್ಲಿ ಯಾರೂ ಇಲ್ಲವೆಂಬುದನ್ನು ಅದು ಬೀದಿಗೆಲ್ಲ ಸಾರುತ್ತದೆ.

ಪರಿಹಾರ ಸರಳ, ಖರ್ಚೂ ಕಡಿಮೆ. ಆಲ್‌ಡ್ರಾಪನ್ನು ಬಾಗಿಲಿನ ಆಚೆಗೆ ತೂರಿಬರುವ ಬೋಲ್ಟಿನಿಂದ ಕೂರಿಸಿ ಒಳಗಡೆ ನಟ್ಟು ಬಿಗಿಯಬೇಕು. ಚೌಕಟ್ಟಿನ ಕಡೆ ಮೂರು ಇಂಚಿನ ಸ್ಕ್ರೂ ಬೇಕು. ಚೌಕಟ್ಟನ್ನು ಗೋಡೆಗೆ ಹಿಡಿದಿರುವ ಹೋಲ್ಡ್‌ಫಾಸ್ಟ್ ಸಡಿಲವಾಗಿದ್ದರೆ ಅದನ್ನು ಸಿಮೆಂಟ್ ಹಾಕಿ ಭದ್ರಪಡಿಸಬೇಕು. ಇದರ ಜೊತೆಗೆ ಬಾಗಿಲ ದಪ್ಪದೊಳಗೇ ಕೂರುವ ಬೀಗ ಇದ್ದರೆ ಹೊರಗೆ ಏನೂ ತೂಗುವುದಿಲ್ಲ.

ಬಡಾವಣೆ ಬದಲಾದಂತೆ ದುರ್ಬಲ ಜಾಗವೂ ಬದಲಾಗುತ್ತದೆ. ರಾಜಾಜಿನಗರ, ಬಸವೇಶ್ವರನಗರಗಳ 20x30 ನಿವೇಶನಗಳಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ಪಕ್ಕದ ತಾರಸಿಯಿಂದ ಈ ತಾರಸಿಗೆ ಕಾಲಿಡಬಹುದು, ಅಲ್ಲಿಯ ಬಾಗಿಲಿಗೆ ಬಹುಪಾಲು ಒಂದು ತೆಳು ಟವರ್ ಬೋಲ್ಟೇ ಗತಿ. ಕೆಂಗೇರಿ ಕಡೆಯ ಹೊಸ ಬಡಾವಣೆಗಳಲ್ಲಿ ಅಕ್ಕಪಕ್ಕ ಖಾಲಿ ಸೈಟುಗಳಿರುವುದರಿಂದ ಕತ್ತಲಲ್ಲಿರುವ ಯುಟಿಲಿಟಿ ಬಾಗಿಲಿನ ಮೇಲೆ ಕಣ್ಣಿಡಬೇಕಾಗುತ್ತದೆ.

ಇನ್ನು ವಿಮರ್ಶಕರ ಮಾತು. ಉಪಕರಣಗಳ ಬಗ್ಗೆ ಬರೆಯುವವರು ಮೆಗಾಪಿಕ್ಸೆಲ್ ಎಣಿಸಿ ಅಂಕ ಕೊಡುತ್ತಾರೆ. ಕ್ಯಾಮೆರಾ ವಿರೋಧಿಗಳು ಸಂಶೋಧಕರಾದ ಪೀಝಾ, ವೆಲ್ಷ್ ಮತ್ತು ಸಂಗಡಿಗರ 2019ರ ಸಮೀಕ್ಷೆ ಹಿಡಿದು, 40 ವರ್ಷಗಳ ಅಧ್ಯಯನಗಳಲ್ಲಿ ಕಂಡ ಅಪರಾಧದ ಇಳಿಕೆ ಶೇ 13 ಮಾತ್ರ ಎನ್ನುತ್ತಾರೆ. ಅದೇ ಶೇ 13ನ್ನು ಮಾರಾಟಗಾರರು ಹೆಮ್ಮೆಯಿಂದ ಹೇಳಿಕೊಳ್ಳಬಲ್ಲರು, ಪರಿಣಾಮ ಹೆಚ್ಚಾಗಿ ಕಂಡದ್ದು ಕಾರ್ ಪಾರ್ಕಿಂಗ್ ಜಾಗಗಳಲ್ಲಿ ಎಂಬುದನ್ನು ಬಿಟ್ಟು. ಆ ಸಮೀಕ್ಷೆಯ ವಿಷಯ ಸಾರ್ವಜನಿಕ ಕ್ಯಾಮೆರಾಗಳು. ಮನೆಯೊಂದರ ಗೋಡೆಯ ಮೇಲಿನ ಕ್ಯಾಮೆರಾಕ್ಕೆ ಅದನ್ನು ಅನ್ವಯಿಸುವುದು ಎರಡೂ ಕಡೆಯವರ ತಪ್ಪು. ಇಲ್ಲಿಗೆ ಹೊಂದುವುದು ಇಂಗ್ಲೆಂಡ್ ಮತ್ತು ವೇಲ್ಸ್‌ನ ಅಪರಾಧ ಸಮೀಕ್ಷೆಯನ್ನು ಆಧರಿಸಿ ಆಂಡ್ರೊಮಾಕಿ ಸೆಲೋನಿ ಮತ್ತು ಸಂಗಡಿಗರು ಮಾಡಿದ ವಿಶ್ಲೇಷಣೆ. ಕಿಟಕಿಯ ಬೀಗ, ಬಾಗಿಲ ಡಬಲ್ ಲಾಕ್, ಒಳದೀಪ, ಹೊರದೀಪ ಒಟ್ಟಿಗಿದ್ದಾಗ ರಕ್ಷಣೆ ಬಹಳ ಹೆಚ್ಚು ಎಂದು ಅದು ತೋರಿಸಿತು. ಆ ನಾಲ್ಕರಲ್ಲಿ ಕ್ಯಾಮೆರಾ ಇಲ್ಲ, ಅಲಾರಂ ಕೂಡ ಇಲ್ಲ. ನಮ್ಮ ಕಿಟಕಿಗಳಿಗೆ ಗ್ರಿಲ್ ಇದೆ, ಅಲ್ಲಿನ ಲೆಕ್ಕ ಇಲ್ಲಿಗೇಕೆ ಎಂಬ ಆಕ್ಷೇಪವೂ ನಿಲ್ಲುವುದಿಲ್ಲ. ಗ್ರಿಲ್ ಕಿಟಕಿಯನ್ನು ಮುಚ್ಚಿದಷ್ಟೂ ಕಳ್ಳನ ಬಲವೆಲ್ಲ ಬಾಗಿಲಿನ ಮೇಲೆಯೇ ಬೀಳುತ್ತದೆ. (ಬೆಂಕಿ ಬಿದ್ದರೆ ಹೊರಬರಲು ಒಂದು ಗ್ರಿಲ್ಲಾದರೂ ಒಳಗಿನಿಂದ ತೆರೆಯುವಂತಿರಬೇಕು.)

ಕಳವಿನ ನಂತರದ ತನಿಖೆಗೆ ಕ್ಯಾಮೆರಾ ಉಪಯುಕ್ತ, ಸರಿಯಾಗಿ ಕೂರಿಸಿದ್ದರೆ. ಹನ್ನೆರಡು ಅಡಿ ಎತ್ತರದಿಂದ ಟೋಪಿ ಕಾಣುತ್ತದೆ, ಮುಖ ಕಾಣದು. ಗೇಟಿನ ಬಳಿಯದೊಂದು ಏಳು ಅಡಿಯ ಆಸುಪಾಸಿನಲ್ಲಿರಬೇಕು, ಪಕ್ಕದ ಮನೆಯ ಬಾಗಿಲಿನತ್ತ ತಿರುಗಿರಬಾರದು. ಕ್ಯಾಮೆರಾವೊಂದಕ್ಕೆ ಸೆಕೆಂಡಿಗೆ 2 ಮೆಗಾಬಿಟ್ ಎಂದರೂ ನಾಲ್ಕರಿಂದ ದಿನಕ್ಕೆ ಸುಮಾರು 86 ಜಿಬಿ ತುಂಬುತ್ತದೆ, 1 ಟಿಬಿ ಡಿಸ್ಕ್ ಹನ್ನೆರಡು ದಿನವೂ ಬಾರದು. ಎರಡು ವಾರ ಊರಿಗೆ ಹೋಗಿ ಬಂದವರಿಗೆ ಮೊದಲ ರಾತ್ರಿಯ ಚಿತ್ರ ಸಿಗುವುದಿಲ್ಲ. ಟಿವಿ ಕೆಳಗಿಟ್ಟ ಡಿವಿಆರನ್ನು ಕಳ್ಳನೇ ಒಯ್ಯಬಹುದು, ಅದು ಬೀಗವಿರುವ ಕಪಾಟಿನಲ್ಲಿ ಯುಪಿಎಸ್ ಸಮೇತ ಇರಬೇಕು. ಕಂಪನಿ ಕೊಟ್ಟ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಬೇಕು. ಕೇಂದ್ರ ಸರ್ಕಾರದ ಸಿಸಿಟಿವಿ ಸುರಕ್ಷತಾ ನಿಯಮಗಳು ಜಾರಿಗೆ ಬಂದದ್ದು 2025ರ ಏಪ್ರಿಲ್ 9ರಂದು, ಹಾಗಾಗಿ ಹಳೆಯ ದಾಸ್ತಾನು ಕೊಳ್ಳುವಾಗ ಎಚ್ಚರ ಬೇಕು. ದೃಶ್ಯದ ಪ್ರತಿಯನ್ನು ನ್ಯಾಯಾಲಯ ಸಾಕ್ಷ್ಯವೆಂದು ಒಪ್ಪಲು ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನ ಪ್ರಕಾರ ಹ್ಯಾಶ್ ಮೌಲ್ಯ ನಮೂದಿಸಿದ ಪ್ರಮಾಣಪತ್ರ ಬೇಕು. ಡಿವಿಆರ್ ಗಡಿಯಾರ ತಪ್ಪು ಸಮಯ ತೋರಿಸುತ್ತಿದ್ದರೆ ಆ ದೃಶ್ಯದ ಬಗ್ಗೆ ಪ್ರತಿವಾದಿ ವಕೀಲರು ಮೊದಲು ಕೇಳುವ ಪ್ರಶ್ನೆ ಅದೇ ಆಗಬಹುದು.