ಆಗಬೇಕಾದ್ದರ ಹೆಸರು ಕರ್ತವ್ಯ

‘ಮೊದಲು ಕರ್ತವ್ಯ, ಆಮೇಲೆ ಹಕ್ಕು’ ಎಂಬ ಮಾತನ್ನು ಗಣರಾಜ್ಯೋತ್ಸವದ ಭಾಷಣಗಳಲ್ಲಿ ಕೇಳದವರಿಲ್ಲ. ಬಾಕಿ ಕೂಲಿ ಕೇಳಿದವರಿಗೂ ಊರಿಗೆ ನೀರು ಕೇಳಿದವರಿಗೂ ಇದೇ ಬುದ್ಧಿಮಾತು. ಕರ್ತವ್ಯವೆಂದರೆ ಹಕ್ಕು ಪಡೆಯಲು ಮುಂಗಡವಾಗಿ ಕಟ್ಟಬೇಕಾದ ಸುಂಕ ಎಂಬ ನಂಬಿಕೆ ಇದರ ಹಿಂದಿದೆ. ಆ ನಂಬಿಕೆ ತಪ್ಪು.

‘ಕೃ’ ಧಾತುವಿಗೆ ‘ತವ್ಯ’ ಪ್ರತ್ಯಯ ಸೇರಿದರೆ ಕರ್ತವ್ಯ, ಅಂದರೆ ಮಾಡಬೇಕಾದದ್ದು. ಗಂತವ್ಯ ಎಂಬುದು ತಲುಪಬೇಕಾದ ಜಾಗದ ಹೆಸರು, ಪಯಣಿಗನದಲ್ಲ. ಹಾಗೆಯೇ ಕರ್ತವ್ಯ ಕೆಲಸದ ಹೆಸರು. ಯಾರು ಯಾರಿಗೆ ತಲೆಬಾಗಬೇಕು ಎಂಬುದು ಅದರೊಳಗಿಲ್ಲ. ಅದೇ ಧಾತುವಿನ ಕಾರ್ಯ, ಕೃತ್ಯಗಳಿಗೂ ಮೂಲದಲ್ಲಿ ಇದೇ ಅರ್ಥ. ಬಳಕೆಯಲ್ಲಿ ಮದುವೆ, ತಿಥಿಗಳು ‘ಕಾರ್ಯ’ವಾದವು, ಪತ್ರಿಕೆಗಳ ಅಪರಾಧ ಸುದ್ದಿಯಲ್ಲಿ ‘ಕೃತ್ಯ’ ಕೇಡಿನ ಕೆಲಸವಾಯಿತು, ‘ಕರ್ತವ್ಯ’ ನೌಕರಿಯ ಪಾಳಿಯಾಯಿತು. ‘ಕರ್ತವ್ಯಕ್ಕೆ ಹಾಜರು’, ‘ಕರ್ತವ್ಯಲೋಪ’ ಎಂದೊಡನೆ ಮೇಲಧಿಕಾರಿ ಕಣ್ಣಮುಂದೆ ಬರುತ್ತಾನೆ. ಆಗಬೇಕಾದ ಕೆಲಸ ಮರೆಗೆ ಸರಿಯುತ್ತದೆ.

ಪದದ ಅರ್ಥ ಬಳಕೆಯಲ್ಲಿದೆ, ಧಾತುವಿನಲ್ಲಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಹಾಗಾದರೆ ಸಂವಿಧಾನದ ಬಳಕೆಯನ್ನೇ ನೋಡೋಣ. 1950ರಲ್ಲಿ ಜಾರಿಗೆ ಬಂದಾಗಲೇ ಅದರಲ್ಲಿ ಮೂಲಭೂತ ಹಕ್ಕುಗಳಿದ್ದವು. ಮೂಲಭೂತ ಕರ್ತವ್ಯಗಳ ಪಟ್ಟಿ ಸೇರಿದ್ದು 1976ರಲ್ಲಿ, ತುರ್ತುಪರಿಸ್ಥಿತಿಯ ನಡುವೆ, 42ನೇ ತಿದ್ದುಪಡಿಯಿಂದ. ಅವನ್ನು ಪಾಲಿಸಿದವರಿಗೆ ಮಾತ್ರ ಹಕ್ಕು ಎಂದು ಅಲ್ಲೂ ಬರೆದಿಲ್ಲ. ಹತ್ತಿದ್ದ ಪಟ್ಟಿಯನ್ನು ಹನ್ನೊಂದಾಗಿಸಿದ್ದು 2002ರ 86ನೇ ತಿದ್ದುಪಡಿ: 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣದ ಅವಕಾಶ ಒದಗಿಸುವುದು ಹೆತ್ತವರ, ಪೋಷಕರ ಕರ್ತವ್ಯ. ಅದೇ ವಯಸ್ಸಿನ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಕೊಡುವ ಹೊಣೆಯನ್ನು ಅದೇ ತಿದ್ದುಪಡಿ ಸರ್ಕಾರದ ಮೇಲೂ ಹೊರಿಸಿ, ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿತು. ಆಗಬೇಕಾದ್ದು ಒಂದೇ, ಮಗು ಓದಬೇಕು. ಮಗುವಿನ ಕಡೆಯಿಂದ ಅದು ಹಕ್ಕು. ಹೆತ್ತವರ ಕಡೆಯಿಂದ, ಸರ್ಕಾರದ ಕಡೆಯಿಂದ ಕರ್ತವ್ಯ. ಇದರಲ್ಲಿ ಮೊದಲು ಯಾವುದು, ಆಮೇಲೆ ಯಾವುದು?

ನಮ್ಮ ಆಡುಮಾತು ಈ ಅರ್ಥವನ್ನು ಬಿಟ್ಟುಕೊಟ್ಟಿಲ್ಲ. ‘ಈ ಸಲ ಕೆರೆ ಹೂಳೆತ್ತೋದು ಆಗಬೇಕು’ ಎನ್ನುತ್ತೇವೆ. ಮೊದಲು ಕೆಲಸ ಕಾಣುತ್ತದೆ, ಗುದ್ದಲಿ ಹಿಡಿಯುವವರು ಯಾರೆಂಬ ಮಾತು ಆಮೇಲೆ. ಕರ್ತವ್ಯದ ಉಪದೇಶ ಕೇಳಿಬಂದಾಗಲೂ ‘ಏನು ಆಗಬೇಕು?’ ಎಂದೇ ಕೇಳಬೇಕು. ನೀರು ಕೇಳುವ ಊರು ತನ್ನ ಕರ್ತವ್ಯ ಮರೆತಿಲ್ಲ; ಆಗದೆ ಉಳಿದ ಕರ್ತವ್ಯವೊಂದನ್ನು ಬೆರಳಿಟ್ಟು ತೋರಿಸುತ್ತಿದೆ.