ತುಣುಕಿನಿಂದ ಅಣುವಿಗೆ: ಮೆಕ್‌ಲಾಫರ್ಟಿಯವರ ರೋಹಿತವ್ಯಾಖ್ಯಾನ

ಶಿಥಿಲವಾದ ಓಲೆಗರಿಯ ಚೂರುಗಳಿಂದ ಮೂಲಪಾಠವನ್ನು ನಿರ್ಣಯಿಸುವ ಪಂಡಿತನ ಕೆಲಸಕ್ಕೂ, ಒಡೆದ ಅಣುವಿನ ತುಣುಕುಗಳಿಂದ ಅದರ ರಚನೆಯನ್ನು ನಿರ್ಣಯಿಸುವ ರಸಾಯನಶಾಸ್ತ್ರಜ್ಞನ ಕೆಲಸಕ್ಕೂ ಹೋಲಿಕೆಯುಂಟು. ಆದರೆ ಓಲೆಯ ಚೂರಿನಲ್ಲಿ ಅಕ್ಷರಗಳು ಇದ್ದಲ್ಲಿಯೇ ಇರುತ್ತವೆ. ಅಣುವಿನ ತುಣುಕಾದರೋ ಒಡೆಯುವಾಗಲೇ ತನ್ನ ಪರಮಾಣುಗಳನ್ನು ಬೇರೆ ಕ್ರಮದಲ್ಲಿ ಜೋಡಿಸಿಕೊಳ್ಳಬಹುದು. ಅಮೆರಿಕದ ಫ್ರೆಡ್ ಮೆಕ್‌ಲಾಫರ್ಟಿಯವರ (೧೯೨೩–೨೦೨೧) ಬರಹಗಳ ಬೆಲೆಯನ್ನು ಈ ತೊಡಕನ್ನು ಮುಂದಿಟ್ಟುಕೊಂಡೇ ಅಳೆಯತಕ್ಕದ್ದು.

ದ್ರವ್ಯರಾಶಿ ರೋಹಿತಮಾಪನದಲ್ಲಿ, ನಿರ್ವಾತದಲ್ಲಿರುವ ವಸ್ತುವಿನ ಆವಿಯ ಮೇಲೆ ಸಾಮಾನ್ಯವಾಗಿ ೭೦ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನುಗಳನ್ನು ಹಾಯಿಸುತ್ತಾರೆ. ಅಣುವು ತನ್ನ ಒಂದು ಎಲೆಕ್ಟ್ರಾನನ್ನು ಕಳೆದುಕೊಂಡು ಅಯಾನಾಗಿ, ಬಳಿಕ ಒಡೆಯುತ್ತದೆ. ವಿದ್ಯುದಾವೇಶವುಳ್ಳ ತುಣುಕುಗಳನ್ನು ದ್ರವ್ಯರಾಶಿಗೆ ತಕ್ಕಂತೆ ವಿಂಗಡಿಸಿದಾಗ ದೊರೆಯುವ ರೇಖೆಗಳ ಸಾಲೇ ರೋಹಿತ. ಜೆ. ಜೆ. ಥಾಮ್ಸನ್ನರು ೧೯೧೩ರ ತಮ್ಮ ಗ್ರಂಥದಲ್ಲಿಯೇ ಧನಕಿರಣಗಳನ್ನು ರಾಸಾಯನಿಕ ವಿಶ್ಲೇಷಣೆಗೆ ಬಳಸಬಹುದೆಂದು ತೋರಿಸಿದ್ದರೂ, ಸಾವಯವ ಅಣುಗಳ ರಚನೆಯನ್ನು ಓದುವ ಶಾಸ್ತ್ರವಾಗಿ ಇದು ಬೆಳೆದುದು ೧೯೫೦ರ ಅನಂತರವೇ.

ಬಂಧವೊಂದು ಕಡಿದಷ್ಟರಿಂದಲೇ ಹುಟ್ಟಲಾರದ ತುಣುಕುಗಳು ರೋಹಿತದಲ್ಲಿ ಕಂಡಾಗ ಓದುವವನು ದಾರಿ ತಪ್ಪುವುದು ಸಹಜ. ಮೆಕ್‌ಲಾಫರ್ಟಿಯವರು ಡೌ ಕಂಪೆನಿಯ ಸಂಶೋಧನಾಲಯದಲ್ಲಿದ್ದಾಗ, ೧೯೫೯ರಲ್ಲಿ ‘ಅನಲಿಟಿಕಲ್ ಕೆಮಿಸ್ಟ್ರಿ’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ, ಇಂತಹ ಅಪವಾದಗಳಿಗೂ ನಿಯಮವುಂಟೆಂದು ತೋರಿಸಿದರು. ಅವರ ಹೆಸರಿನಿಂದಲೇ ಪ್ರಸಿದ್ಧವಾದ ಪುನರ್ರಚನೆಯಲ್ಲಿ, ಕೀಟೋನಿನ ಆಮ್ಲಜನಕವು ಕಾರ್ಬೊನಿಲ್ ಇಂಗಾಲದಿಂದಾಚೆ ಮೂರನೆಯ ಇಂಗಾಲದ ಮೇಲಿನ ಜಲಜನಕವನ್ನು ಸೆಳೆದುಕೊಳ್ಳುತ್ತದೆ. ಮೊದಲನೆಯ ಮತ್ತು ಎರಡನೆಯ ಇಂಗಾಲಗಳ ನಡುವಣ ಬಂಧವು ಕಡಿಯುತ್ತದೆ. ೧೦೦ ದ್ರವ್ಯರಾಶಿಯ ೨-ಹೆಕ್ಸನೋನ್ ಹೀಗೆ ೪೨ರ ಪ್ರೊಪೀನನ್ನು ಕಳೆದುಕೊಂಡು ೫೮ರ ರೇಖೆಯನ್ನು ಕೊಡುತ್ತದೆ. ಅದೇ ದ್ರವ್ಯರಾಶಿಯ ೩-ಮೀಥೈಲ್-೨-ಪೆಂಟನೋನ್ ೨೮ರ ಎಥಿಲೀನನ್ನು ಕಳೆದುಕೊಂಡು ೭೨ರ ರೇಖೆಯನ್ನು ಕೊಡುತ್ತದೆ. ತೊಡಕಾಗಿದ್ದುದೇ ಕವಲಿನ ಸ್ಥಾನವನ್ನು ತಿಳಿಸುವ ಸಾಧನವಾಯಿತು. ಲೇಖನದ ಶಾಶ್ವತವಾದ ಗುಣವು ಇದೇ.

ಆದರೆ ನಿಯಮವು ಎಲ್ಲಿಯವರೆಗೆ ಪ್ರಮಾಣ? ೪-ಮೀಥೈಲ್-೨-ಪೆಂಟನೋನ್ ಕೂಡ ೪೨ನ್ನೇ ಕಳೆದುಕೊಂಡು ೫೮ನ್ನೇ ಕೊಡುತ್ತದೆ. ರೇಖೆಗಳ ಎತ್ತರದಲ್ಲಿ ಭೇದವಿದ್ದರೂ, ೫೮ನ್ನು ಮಾತ್ರ ನೋಡಿ ಇದು ೨-ಹೆಕ್ಸನೋನೇ ಎಂದು ಹೇಳುವುದು ಯುಕ್ತವಲ್ಲ. ಕಳೆದುಹೋದ ೨೮ ಎಥಿಲೀನೋ ಕಾರ್ಬನ್ ಮಾನಾಕ್ಸೈಡೋ ಎಂಬ ಸಂಶಯವೂ ಬರಬಹುದು. ಮ್ಯಾಂಚೆಸ್ಟರಿನ ಜಾನ್ ಬೈನನ್ನರು ೧೯೫೪ರಿಂದ ಪ್ರತಿಪಾದಿಸಿದ ಸೂಕ್ಷ್ಮಮಾಪನವು ಇದಕ್ಕೆ ಉತ್ತರ: ಉಳಿದ ತುಣುಕಿನ ನಿಖರವಾದ ದ್ರವ್ಯರಾಶಿ ೭೨.೦೫೭೫ ಆದರೆ ಹೋದದ್ದು ಎಥಿಲೀನು, ೭೨.೦೯೩೯ ಆದರೆ ಕಾರ್ಬನ್ ಮಾನಾಕ್ಸೈಡು.

ಇದಕ್ಕಿಂತ ಗಹನವಾದ ಎಚ್ಚರಿಕೆಯನ್ನು ಪಾಲ್ ರೈಲ್ಯಾಂಡರ್, ಸೇಮರ್ ಮೇಯರ್ಸನ್, ಹೆನ್ರಿ ಗ್ರಬ್ ಎಂಬುವರು ೧೯೫೭ರಲ್ಲಿಯೇ ಕೊಟ್ಟಿದ್ದರು. ಟಾಲೀನಿನಿಂದ ಬರುವ ೯೧ರ ತುಣುಕು ಬೆಂಜಿಲ್ ಇರಬೇಕೆಂಬುದು ಸಹಜವಾದ ಊಹೆ. ಡ್ಯುಟೀರಿಯಮ್ಮಿನಿಂದ ಗುರುತು ಮಾಡಿ ಪರೀಕ್ಷಿಸಿದಾಗ, ಅದರ ಜಲಜನಕಗಳು ತಮ್ಮ ಮೂಲಸ್ಥಾನದ ಭೇದವನ್ನು ಕಳೆದುಕೊಂಡುದು ಕಂಡುಬಂದಿತು. ಏಳು ಇಂಗಾಲಗಳ ಉಂಗುರವುಳ್ಳ ಟ್ರೊಪಿಲಿಯಮ್ಮೇ ಅದೆಂದು ಅವರು ಸೂಚಿಸಿದರು. ಎರಡು ರೂಪಗಳೂ ಉಂಟಾಗುತ್ತವೆಂಬುದು ಆಮೇಲೆ ಸ್ಥಿರಪಟ್ಟಿತು. ಸಂಖ್ಯೆಯು ತುಣುಕಿನ ತೂಕವನ್ನು ಹೇಳುತ್ತದೆಯೇ ಹೊರತು ರೂಪವನ್ನು ಹೇಳುವುದಿಲ್ಲ.

ಮೆಕ್‌ಲಾಫರ್ಟಿಯವರ ‘ಇಂಟರ್‌ಪ್ರಿಟೇಷನ್ ಆಫ್ ಮಾಸ್ ಸ್ಪೆಕ್ಟ್ರಾ’ (೧೯೬೬) ಗ್ರಂಥವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ವಸ್ತುವಿನ ಹೆಸರು ತಿಳಿಸದೆ ರೋಹಿತಗಳನ್ನು ಮುಂದಿಟ್ಟು, ವಿದ್ಯಾರ್ಥಿಯೇ ಬಿಡಿಸುವಂತೆ ಮಾಡಿರುವುದು ಅದರ ಬೋಧನಾಕ್ರಮದ ಹಿರಿಮೆ. ಅದರ ಅಪಾಯವೂ ಅಲ್ಲಿಯೇ ಇದೆ. ಎಲೆಕ್ಟ್ರಾನಿನ ಚಲನೆಯನ್ನು ತೋರಿಸುವ ಬಾಣಗಳನ್ನು ಬರೆದು ರೂಢಿಯಾದವನಿಗೆ ಅನುಮಾನವೇ ಪ್ರತ್ಯಕ್ಷವೆಂದು ತೋರಬಹುದು. ಗುರುತಿಟ್ಟ ಅಣುವಿನ ಪರೀಕ್ಷೆ, ಸೂಕ್ಷ್ಮಮಾಪನ, ಶುದ್ಧ ಮಾದರಿಯೊಡನೆ ಹೋಲಿಕೆ, ಇವಿಲ್ಲದೆ ಬಾಣಗಳು ಸಾಕ್ಷ್ಯವಾಗಲಾರವು. ಫ್ರಾಂಟಿಷೆಕ್ ಟುರೆಚೆಕ್ಕರೊಡನೆ ೧೯೯೩ರಲ್ಲಿ ಹೊರತಂದ ನಾಲ್ಕನೆಯ ಆವೃತ್ತಿಯು ಗ್ರಂಥದ ದೀರ್ಘಾಯುಸ್ಸಿಗೆ ನಿದರ್ಶನ. ಅದನ್ನು ಪಾಠ ಹೇಳತಕ್ಕವರು ಪ್ರತಿಯೊಂದು ನಿಯಮದೊಡನೆ ಅದನ್ನು ಸ್ಥಾಪಿಸಿದ ಪ್ರಯೋಗವನ್ನೂ ಹೇಳಿದರೆ, ವಿದ್ಯಾರ್ಥಿಯು ಉತ್ತರವನ್ನು ಪಡೆಯುವುದರ ಜೊತೆಗೆ ಅದನ್ನು ಸಂದೇಹಿಸುವುದನ್ನೂ ಕಲಿತಾನು.